ತಲೆಯ ಮೇಲಿನ ಬಿಸಿ ಕೊಳವೆ: ಜೋಡಣೆಯ ವಿಧಾನ, ಉಪಕರಣ ಹಾಗೂ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಉದ್ದಿಮೆಗಳಲ್ಲಿ ಬಹುಪಾಲು ಒಂದಿಲ್ಲೊಂದು ರೀತಿಯಲ್ಲಿ ಶಾಖವನ್ನು ಅವಲಂಬಿಸಿವೆ. 1939ರಲ್ಲಿ ಸ್ಥಾಪನೆಗೊಂಡ ಉಗಾರ ಶುಗರ್ ವರ್ಕ್ಸ್‌ನಿಂದ ಮೊದಲುಗೊಂಡು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಸಕ್ಕರೆ ತಯಾರಿಕೆ ಎಂಬುದು ಮೂಲತಃ ಉಗಿಯ ವ್ಯವಹಾರವೇ ಆಗಿದೆ. ಇಚಲಕರಂಜಿಯ ನೆರೆಯ ಹಳ್ಳಿಗಳ ಮಗ್ಗಗಳಿಗೆ ನೂಲು ಒದಗಿಸುವ ಸೈಜಿಂಗ್ ಘಟಕಗಳಲ್ಲಿ ನೂಲು ಒಣಗುವುದೂ ಉಗಿಯಿಂದಲೇ. ಇವುಗಳ ಜೊತೆಗೆ ಹಪ್ಪಳ, ಶ್ಯಾವಿಗೆ, ಅರಿಸಿನ ಒಣಗಿಸುವ ಕೋಣೆ ಕಟ್ಟಬಯಸುವ ಸಣ್ಣ ಉದ್ದಿಮೆದಾರರೂ, ಮಳೆಗಾಲದಲ್ಲಿ ಮರಿಗಳಿಗೆ ಬಿಸಿ ಒದಗಿಸಬೇಕಾದ ಕೋಳಿ ಸಾಕಣೆದಾರರೂ ಇದ್ದಾರೆ. ಇವರೆಲ್ಲರೂ ಎಂದಾದರೊಂದು ದಿನ ಬಿಸಿ ಕೊಳವೆಯನ್ನು ಛಾವಣಿಯ ಕೆಳಗೆ ತೂಗುಹಾಕುವ ಪ್ರಸಂಗವನ್ನು ಎದುರಿಸುತ್ತಾರೆ.

ಇದು ಇಂಜಿನಿಯರರ ವಿಷಯ, ಲೆಕ್ಕ ಪರಿಶೋಧಕನಿಗೇನು ಕೆಲಸ ಎಂದು ಸದಸ್ಯ ಬಂಧುಗಳು ಕೇಳಬಹುದು. ‘ಪೈಪ್ ಫಿಟಿಂಗ್ ಕೆಲಸ, ಒಟ್ಟು ಇಷ್ಟು’ ಎಂಬ ಒಂದೇ ಸಾಲಿನ ಬಿಲ್ಲುಗಳು ಪ್ರತಿ ವರ್ಷವೂ ನಮ್ಮ ಮೇಜಿಗೆ ಬರುತ್ತವೆ. ಅದೇ ಕೊಳವೆಯ ದುರಸ್ತಿಯ ಬಿಲ್ಲು ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಬರುತ್ತದೆ. ಹಣ ಎಲ್ಲಿ ಸೋರಿತು ಎಂಬುದನ್ನು ಹುಡುಕುತ್ತ ಹೋದರೆ, ಅದು ಸೋರಿದ್ದು ಕೊಳವೆಯ ಬಾಯಿಂದಲ್ಲ, ಅದನ್ನು ಹಿಡಿದಿರುವ ಕೊಕ್ಕೆಯಿಂದ, ಅಳೆಯದೆ ಮುಚ್ಚಿದ ಹೊದಿಕೆಯಿಂದ ಮತ್ತು ಬರೆಯದೆ ಬಿಟ್ಟ ಕರಾರಿನಿಂದ ಎಂಬುದು ಕಂಡುಬರುತ್ತದೆ. ಆದ್ದರಿಂದ ಕೆಲಸ ಮಾಡಿಸುವ ಮಾಲೀಕನು ತಿಳಿದಿರಲೇಬೇಕಾದಷ್ಟು ತಾಂತ್ರಿಕ ವಿಷಯವನ್ನೂ, ಅದಕ್ಕೆ ಹೊಂದಿಕೊಂಡ ಲೆಕ್ಕದ ವಿಷಯವನ್ನೂ ಇಲ್ಲಿ ಒಟ್ಟಿಗೆ ನೋಡೋಣ.

ಸಾಗಿಸುವ ಕೊಳವೆ, ಸೂಸುವ ಕೊಳವೆ

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತಲೆಯ ಮೇಲೆ ಹಾಯುವ ಬಿಸಿ ಕೊಳವೆಗಳಲ್ಲಿ ಎರಡು ಬಗೆ. ಒಂದು, ಬಾಯ್ಲರಿನಿಂದ ಯಂತ್ರದವರೆಗೆ ಶಾಖವನ್ನು ಸಾಗಿಸುವಂಥದು. ದಾರಿಯಲ್ಲಿ ಅದು ಕಳೆದುಕೊಂಡ ಶಾಖವೆಲ್ಲ ನಷ್ಟವೇ. ಇನ್ನೊಂದು, ಕೋಣೆಗೆ ಶಾಖವನ್ನು ಸೂಸುವುದಕ್ಕೆಂದೇ ಹಾಕುವಂಥದು. ಇದರಿಂದ ಶಾಖ ಹೊರಬಾರದಿದ್ದರೆ ಅದೇ ನಷ್ಟ. ಮೊದಲನೆಯದಕ್ಕೆ ಹೊದಿಕೆ ಬೇಕು, ಎರಡನೆಯದು ಬರಿಮೈಯಲ್ಲಿರಬೇಕು. ಒಂದೇ ಗುತ್ತಿಗೆದಾರ, ಒಂದೇ ಸಾಮಾನು, ಒಂದೇ ದರ ಎಂದು ಎರಡನ್ನೂ ಒಂದೇ ರೀತಿ ತೂಗುಹಾಕಿಸಿದ ಉದಾಹರಣೆಗಳು ಬೇಕಷ್ಟಿವೆ.

ಬಿಸಿ ಗಾಳಿ ಮೇಲಕ್ಕೆ ಏರುತ್ತದೆ. ಹಾಗಿದ್ದ ಮೇಲೆ ಶಾಖ ಕೊಡುವ ಕೊಳವೆಯನ್ನು ಮೇಲೆ ಕಟ್ಟುವುದರಲ್ಲಿ ಅರ್ಥವೇನು? ತಂಬಾಕಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ನಮ್ಮ ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿನಲ್ಲಿ ಒಣಗುತ್ತದೆ. ಸೂರ್ಯನ ಶಾಖ ಮೇಲಿನಿಂದ ನೇರವಾಗಿ ಎಲೆಯ ಮೇಲೆ ಬೀಳುತ್ತದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಭಾಗದ ವರ್ಜೀನಿಯಾ ತಂಬಾಕನ್ನಾದರೋ ಬ್ಯಾರನ್ ಎಂಬ ಮುಚ್ಚಿದ ಕಟ್ಟಡದಲ್ಲಿ ಹದ ಮಾಡುತ್ತಾರೆ. ಅಲ್ಲಿ ಒಲೆಯ ಬಿಸಿಯನ್ನೊಯ್ಯುವ ತಗಡಿನ ದೊಡ್ಡ ಕೊಳವೆಗಳು ನೆಲದ ಸಮೀಪದಲ್ಲೇ ಸುತ್ತುತ್ತವೆ. ಕಾದ ಗಾಳಿ ಮೇಲಕ್ಕೇರುತ್ತ ತೂಗುಹಾಕಿದ ಎಲೆಗಳ ನಡುವೆ ಹಾಯುತ್ತದೆ. ಗಾಳಿಯನ್ನು ಕಾಯಿಸಬೇಕಾದಲ್ಲಿ ಕೊಳವೆ ಕೆಳಗಿರಬೇಕು. ಗಾಳಿಯನ್ನು ಬಿಟ್ಟು ವಸ್ತುವನ್ನೇ ಕಾಯಿಸಬೇಕಾದಲ್ಲಿ, ಅಂದರೆ ತಟ್ಟೆಯಲ್ಲಿ ಹರಡಿದ ಹಪ್ಪಳವನ್ನೋ, ನೆಲದ ಹೊಟ್ಟಿನ ಮೇಲಿರುವ ಮರಿಗಳನ್ನೋ ಬೆಚ್ಚಗಾಗಿಸಬೇಕಾದಲ್ಲಿ, ಕೊಳವೆ ಮೇಲಿರಬಹುದು. ಏಕೆಂದರೆ ವಿಕಿರಣ ಶಾಖಕ್ಕೆ ಮೇಲು ಕೆಳಗು ಎಂಬುದಿಲ್ಲ. ಅದು ಬೆಳಕಿನಂತೆ ಎಲ್ಲ ದಿಕ್ಕಿಗೂ ನೇರವಾಗಿ ಸಾಗುತ್ತದೆ.

ಇಲ್ಲಿಯೇ ಮೊದಲ ಹಣದ ಪ್ರಶ್ನೆ ಇದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಬರಿಯ ಉಕ್ಕಿನ ಕೊಳವೆಯು ಬಿಡುವ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಾಳಿಯನ್ನು ಕಾಯಿಸಿ ಛಾವಣಿ ಸೇರುತ್ತದೆ. ಉಳಿದರ್ಧ ವಿಕಿರಣ, ಅದರಲ್ಲಿಯೂ ಅರ್ಧ ಮೇಲ್ಮುಖವಾಗಿ ಹೋಗುತ್ತದೆ. ಅಂದರೆ ಇಂಧನಕ್ಕೆ ನೀಡಿದ ಒಂದು ರೂಪಾಯಿಯಲ್ಲಿ ಕೆಳಗಿನ ಸರಕಿಗೆ ನೇರವಾಗಿ ತಲುಪುವುದು ನಾಲ್ಕಾಣೆ ಮಾತ್ರ! ಆದಕಾರಣ ಸೂಸುವ ಕೊಳವೆಯ ಮೇಲ್ಭಾಗದಲ್ಲಿ ಹೊಳಪಿನ ಅಲ್ಯೂಮಿನಿಯಂ ತಗಡಿನ ಪ್ರತಿಫಲಕ, ಅದರ ಬೆನ್ನಿಗೆ ಶಾಖನಿರೋಧಕ ಹಾಸು ಇರಲೇಬೇಕು. ಹೊಳಪಿನ ಅಲ್ಯೂಮಿನಿಯಂ ಶಾಖವನ್ನು ಹೊರಸೂಸುವುದು ಬಹಳ ಕಡಿಮೆ, ಹಿಂದಿರುಗಿಸುವುದೇ ಹೆಚ್ಚು. ಇದಕ್ಕೆ ವಿರುದ್ಧವಾಗಿ ಕೊಳವೆಯ ಮೈಗೆ ಹೊಳಪಿಲ್ಲದ ಬಣ್ಣವಿರಬೇಕು. ನೋಟಕ್ಕೆ ಚೆಂದ ಕಾಣಲಿ ಎಂದು ಸೂಸುವ ಕೊಳವೆಗೆ ಬೆಳ್ಳಿ ಬಣ್ಣ ಬಳಿಸುವವರು ತಾವೇ ಹಣ ಕೊಟ್ಟು ಶಾಖವನ್ನು ತಡೆಯುತ್ತಿರುತ್ತಾರೆ.

ಹಿಗ್ಗುವಿಕೆಯ ಲೆಕ್ಕ

ಉಕ್ಕಿನ ಕೊಳವೆಯು ಪ್ರತಿ 100 ಡಿಗ್ರಿ ಬಿಸಿ ಏರಿಕೆಗೆ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಕೇಳಲು ಇದು ಅಲ್ಪ. ಆದರೆ 30 ಮೀಟರ್ ಉದ್ದದ ಉಗಿ ಕೊಳವೆಯು 30 ಡಿಗ್ರಿಯಿಂದ 170 ಡಿಗ್ರಿಗೆ (ಸುಮಾರು 7 ಕೆ.ಜಿ. ಒತ್ತಡದ ಉಗಿಯ ಬಿಸಿ) ಏರಿದಾಗ 50 ಮಿ.ಮೀ., ಅಂದರೆ ಎರಡು ಅಂಗುಲ ಉದ್ದವಾಗುತ್ತದೆ. ಎರಡೂ ತುದಿಗಳನ್ನು ಗೋಡೆಗೆ ಬಿಗಿದಿದ್ದರೆ ಈ ಎರಡು ಅಂಗುಲ ಎಲ್ಲಿಗೆ ಹೋಗಬೇಕು? 50 ಮಿ.ಮೀ. ವ್ಯಾಸದ ಮಧ್ಯಮ ದರ್ಜೆಯ ಕೊಳವೆ ಅಂಥ ಸ್ಥಿತಿಯಲ್ಲಿ 15 ಟನ್ನಿನಷ್ಟು ಬಲದಿಂದ ಗೋಡೆಯನ್ನು ತಳ್ಳಲು ಹವಣಿಸುತ್ತದೆ. ಗೋಡೆ ಸೋಲದಿದ್ದರೆ ಕೊಳವೆ ಬಾಗುತ್ತದೆ. ಅದೂ ಬಾಗದಿದ್ದರೆ ಬೆಸುಗೆ ಬಿರಿಯುತ್ತದೆ.

ಸರಿಯಾದ ಕ್ರಮವೆಂದರೆ, ಕೊಳವೆಯನ್ನು ಒಂದು ಕಡೆ ಮಾತ್ರ ಅಲುಗದಂತೆ ಬಿಗಿದು ಉಳಿದ ಕಡೆ ಜಾರಲು ಬಿಡುವುದು. ಬಿಗಿತದ ಬಿಂದು ನಟ್ಟನಡುವೆ ಇದ್ದರೆ ಆ ಎರಡು ಅಂಗುಲ ಎರಡೂ ಕಡೆಗೆ ಒಂದೊಂದು ಅಂಗುಲವಾಗಿ ಹಂಚಿಹೋಗುತ್ತದೆ. ಉದ್ದ ಹೆಚ್ಚಿದ್ದರೆ ನಡುನಡುವೆ ‘ಯು’ ಆಕಾರದ ಬಳಸು ಕೊಡಬೇಕು. ಜಾಗವಿಲ್ಲದಲ್ಲಿ ಬೆಲ್ಲೋಸ್ ಹಾಕಬಹುದು. ಬೆಲ್ಲೋಸ್ ಹಾಕಿದಲ್ಲಿ ಅದರ ಎರಡೂ ಪಕ್ಕಕ್ಕೆ ಕೊಳವೆಯನ್ನು ನೇರವಾಗಿ ನಡೆಸುವ ಗೈಡ್‌ಗಳು ಕಡ್ಡಾಯ. ದರಪಟ್ಟಿಯಲ್ಲಿ ಬೆಲ್ಲೋಸ್ ಇದ್ದು ಗೈಡ್ ಇಲ್ಲದಿದ್ದರೆ ಆ ದರಪಟ್ಟಿಯನ್ನು ಹಿಂದಿರುಗಿಸುವುದೇ ಲೇಸು.

ತೂಗುಸರಳಿನ ಉದ್ದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಒಂದು ಅಡಿ ಉದ್ದದ ಸರಳಿನ ಕೆಳತುದಿ ಒಂದು ಅಂಗುಲ ಸರಿದರೆ ಸರಳು ಸುಮಾರು 5 ಡಿಗ್ರಿ ವಾಲುತ್ತದೆ. ದಿನಕ್ಕೆ ಎರಡು ಬಾರಿ ಹೀಗೆ ವಾಲಿ ನೆಟ್ಟಗಾಗುವ ಸರಳಿನ ಮೇಲಿನ ನಟ್ಟು ಸಡಿಲವಾಗದೆ ಇರದು. ಹೆಚ್ಚು ಸರಿದಾಟವಿರುವ ತುದಿಗಳಲ್ಲಿ ಉದ್ದ ಸರಳು ಅಥವಾ ಉರುಳೆಯ ಆಧಾರ ಬೇಕು. ನಡುವಿನ ಬಿಗಿತದ ಬಿಂದುವಿನ ಹತ್ತಿರ ಗಿಡ್ಡ ಸರಳು ಸಾಕು.

ಆಧಾರ ಮತ್ತು ಛಾವಣಿ

ಆಧಾರಗಳ ನಡುವಣ ಅಂತರಕ್ಕೆ ರೂಢಿಯ ಮಿತಿಗಳಿವೆ. ನೀರು ತುಂಬಿದ ಉಕ್ಕಿನ ಕೊಳವೆಗೆ 25 ಮಿ.ಮೀ. ವ್ಯಾಸದಲ್ಲಿ ಸುಮಾರು 2.1 ಮೀಟರ್, 50 ಮಿ.ಮೀ.ನಲ್ಲಿ 3 ಮೀಟರ್, 100 ಮಿ.ಮೀ.ನಲ್ಲಿ 4.3 ಮೀಟರ್. ಉಗಿಗೆ ಇದಕ್ಕಿಂತ ಸ್ವಲ್ಪ ಹೆಚ್ಚಿನ ಅಂತರ ಸಾಕಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ, ಏಕೆಂದರೆ ಉಗಿ ಹಗುರ. ಆದರೆ ಇಲ್ಲಿ ಒಂದು ಅಪಾಯ ಅಡಗಿದೆ. 100 ಮಿ.ಮೀ. ಕೊಳವೆಯ ತೂಕ ಮೀಟರಿಗೆ ಸುಮಾರು 12 ಕೆ.ಜಿ.; ಅದರಲ್ಲಿ ತುಂಬುವ ನೀರಿನ ತೂಕ ಸುಮಾರು 8.7 ಕೆ.ಜಿ. ಚಾಲನೆಗೆ ಮುನ್ನ ಕೊಳವೆಗೆ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡುತ್ತಾರಲ್ಲವೇ? ಆ ದಿನ 30 ಮೀಟರ್ ಉದ್ದದ ಕೊಳವೆ ಇದ್ದಕ್ಕಿದ್ದಂತೆ 260 ಕೆ.ಜಿ. ಭಾರವಾಗುತ್ತದೆ. ಉಗಿಯ ಲೆಕ್ಕಕ್ಕೆ ಹಾಕಿದ ಕೊಕ್ಕೆಗಳು ಕಳಚುವುದು ಆ ದಿನವೇ, ಕೆಳಗೆ ಜನ ನಿಂತು ನೋಡುತ್ತಿರುವಾಗಲೇ. ಆಧಾರವನ್ನು ಪರೀಕ್ಷೆಯ ದಿನದ ತೂಕಕ್ಕೆ ಲೆಕ್ಕ ಹಾಕಬೇಕು. ಪರೀಕ್ಷೆಯ ಹೊತ್ತಿನಲ್ಲಿ ಕೆಳಗೆ ಯಾರೂ ಇರಕೂಡದು.

ನಮ್ಮ ಭಾಗದ ಬಹುತೇಕ ಶೆಡ್ಡುಗಳ ಛಾವಣಿಯನ್ನು ತಗಡು ಹಾಗೂ ಗಾಳಿಯ ಭಾರಕ್ಕಷ್ಟೇ ಕಟ್ಟಿರುತ್ತಾರೆ. ತಗಡು ಹೊತ್ತ ಪರ್ಲಿನ್‌ಗೆ ಕೊಳವೆ ಕಟ್ಟಬಾರದು. ಕೈಂಚಿಯ ಕೋಲುಗಳು ಕೂಡುವ ಗಂಟಿನಲ್ಲಿ ಮಾತ್ರ ಭಾರ ಹೇರಬೇಕು, ಎರಡು ಗಂಟುಗಳ ನಡುವೆ ಅಲ್ಲ. ಆರ್.ಸಿ.ಸಿ. ಛಾವಣಿಯಾದರೆ ಆ್ಯಂಕರ್ ಫಾಸ್ಟನರ್ ಸಾಕು. ಆದರೆ ಕೊರೆದ ರಂಧ್ರದ ಧೂಳನ್ನು ಊದಿ ತೆಗೆಯದೆ ಕೂರಿಸಿದ ಫಾಸ್ಟನರ್ ಹಿಡಿಯುವುದಿಲ್ಲ. ನಾಲ್ಕಾರು ಫಾಸ್ಟನರ್‌ಗಳನ್ನಾದರೂ ಎಳೆದು ಪರೀಕ್ಷಿಸಿದ ಮೇಲೆಯೇ ಮೊದಲ ಕಂತು ಬಿಡುಗಡೆ ಎಂಬ ಕರಾರು ಹಾಕಿಕೊಳ್ಳುವುದು ಒಳ್ಳೆಯದು.

ಇಳಿಜಾರಿನ ವಿಷಯ ಚಿಕ್ಕದು, ಆದರೆ ಮರೆಯುವಂಥದಲ್ಲ. ಉಗಿ ಹರಿಯುವ ದಿಕ್ಕಿಗೆ 100ಕ್ಕೆ 1ರಷ್ಟು ಇಳಿಜಾರು, 30ರಿಂದ 50 ಮೀಟರಿಗೊಂದು ನೀರಿನ ಗುಂಡಿ ಮತ್ತು ಟ್ರ್ಯಾಪ್, ಕವಲು ಕೊಳವೆ ಯಾವಾಗಲೂ ಮುಖ್ಯ ಕೊಳವೆಯ ನೆತ್ತಿಯಿಂದ. ತಳದಿಂದ ಕವಲು ತೆಗೆದರೆ ಯಂತ್ರಕ್ಕೆ ಉಗಿಯ ಬದಲು ನೀರು ಹೋಗುತ್ತದೆ. ನೀರು ನಿಂತ ಕೊಳವೆಯಲ್ಲಿ ಉಗಿ ನುಗ್ಗಿದಾಗ ಏಳುವ ಸುತ್ತಿಗೆಯ ಸದ್ದು ಕಾರ್ಖಾನೆಯವರಿಗೆಲ್ಲ ಪರಿಚಿತ.

ಉಪಕರಣಗಳು ಹಾಗೂ ಎತ್ತರದ ಕೆಲಸ

ಮೊದಲು ಬೇಕಾದುದು ಅಳತೆಯ ಸಾಮಾನು: ಉದ್ದದ ಟೇಪು, ಸುಣ್ಣದ ದಾರ, ತೂಗುಗುಂಡು ಮತ್ತು ಗೌಂಡಿಗಳು ಬಳಸುವ ನೀರಿನ ಲೆವಲ್ ಟ್ಯೂಬು. ಲೇಸರ್ ಲೆವಲ್ ಬಂದಿದೆಯಾದರೂ ಕೆಲವೇ ರೂಪಾಯಿಯ ಪಾರದರ್ಶಕ ಟ್ಯೂಬು ಇಂದಿಗೂ ಸುಳ್ಳು ಹೇಳುವುದಿಲ್ಲ. ಕೊಳವೆ ಮೇಲೇರುವ ಮೊದಲೇ ಎಲ್ಲ ಸರಳುಗಳನ್ನೂ ಇಳಿಜಾರಿಗೆ ತಕ್ಕ ಎತ್ತರದಲ್ಲಿ ತೂಗುಹಾಕಿ ಅಳತೆ ನೋಡಬೇಕು. ಕತ್ತರಿಸುವುದು, ಥ್ರೆಡ್ ಕೊರೆಯುವುದು, ಸಾಧ್ಯವಾದಷ್ಟೂ ಬೆಸುಗೆ ಹಾಕುವುದು ಎಲ್ಲವೂ ನೆಲದ ಮೇಲೆಯೇ ಮುಗಿಯಲಿ. ಪೈಪ್ ವೈಸ್, ಡೈ ಸೆಟ್, ಚೈನ್ ಟಾಂಗ್, ಪೈಪ್ ಪಾನಾ ನೆಲದಲ್ಲಿದ್ದಷ್ಟೂ ಕೆಲಸ ಚೊಕ್ಕಟ. ಎರಡು ಚೈನ್ ಪುಲ್ಲಿಗಳಿಂದ ಕೊಳವೆಯನ್ನು ಎರಡೂ ತುದಿಗೆ ಸಮನಾಗಿ ಎತ್ತಿ, ಮೇಲೆ ಕೂರಿಸುವ ಮತ್ತು ಜೋಡಿಸುವ ಕೆಲಸವನ್ನಷ್ಟೇ ಮಾಡಬೇಕು.

ಮೇಲೆ ನಿಲ್ಲುವವನಿಗೆ ಏಣಿಯಲ್ಲ, ಸಾರುವೆ ಬೇಕು. ಏಣಿಯ ಮೇಲಿರುವವನ ಒಂದು ಕೈ ಏಣಿಗೇ ಮೀಸಲು. ಉಳಿದ ಒಂದು ಕೈಯಲ್ಲಿ ತಲೆಯ ಮೇಲಿನ ನಟ್ಟು ಬಿಗಿಯಲಾಗದು. ಸೊಂಟದ ಬೆಲ್ಟು ಸಾಲದು, ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು. ಅದರ ಹಗ್ಗವನ್ನು ಈಗ ತಾನೇ ಕೂರಿಸುತ್ತಿರುವ ಕೊಳವೆಗೆ ಕಟ್ಟಬಾರದು. ಎತ್ತರದಿಂದ ಬೀಳುವ ಸಂಭವವಿರುವಲ್ಲಿ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಕಲಮು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದಿದೆ. ‘ಕೂಲಿಯವರು ಗುತ್ತಿಗೆದಾರನವರು, ನನ್ನ ಜವಾಬ್ದಾರಿಯಲ್ಲ’ ಎಂಬ ಮಾತು ಆಗಲೂ ಕಾನೂನಿನ ಮುಂದೆ ನಿಲ್ಲುತ್ತಿರಲಿಲ್ಲ, ಈಗಲೂ ನಿಲ್ಲದು. ಸಾರುವೆಯ ಬಾಡಿಗೆಯನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಕೇಳಿರಿ. ಅದನ್ನು ಒಟ್ಟು ಮೊತ್ತದೊಳಗೆ ಸೇರಿಸಿದ ಗುತ್ತಿಗೆದಾರ ಉಳಿತಾಯ ಮಾಡುವುದು ಅಲ್ಲಿಯೇ.

ಉಗಿಯ ಒತ್ತಡ 3.5 ಕೆ.ಜಿ.ಯನ್ನು ಮೀರಿದರೆ ಕೊಳವೆಯು ಬಾಯ್ಲರ್ ಕಾನೂನಿನ ವ್ಯಾಪ್ತಿಗೆ ಬರುತ್ತದೆ. 1923ರ ಕಾಯಿದೆಯ ಬದಲಿಗೆ 2025ರ ಬಾಯ್ಲರುಗಳ ಕಾಯಿದೆ 2025ರ ಮೇ 1ರಿಂದ ಜಾರಿಯಲ್ಲಿದೆ. ಅಂಥ ಕೊಳವೆಗೆ ನಕಾಶೆಯ ಅನುಮೋದನೆ, ಪ್ರಮಾಣಿತ ಸಾಮಾನು, ಪ್ರಮಾಣಪತ್ರವಿರುವ ವೆಲ್ಡರ್ ಎಲ್ಲವೂ ಬೇಕು. ಪೇಟೆಯ ಸಾಮಾನ್ಯ ಫಿಟರನಿಂದ ಮಾಡಿಸಿದರೆ ತಪಾಸಣೆಯ ದಿನ ಎಲ್ಲವನ್ನೂ ಇಳಿಸಬೇಕಾದೀತು.

ಪ್ಲಾಸ್ಟಿಕ್ ಕೊಳವೆಯಾದರೆ

ಸಣ್ಣ ಒಣಗಿಸುವ ಕೋಣೆಗೆ ಉಗಿಯ ಬದಲು ಬಿಸಿನೀರು ಸಾಕು. ಅದಕ್ಕೆ ಪೆಕ್ಸ್ ಎಂಬ ಬಗೆಯ ಪ್ಲಾಸ್ಟಿಕ್ ಕೊಳವೆ ಅನುಕೂಲ. ಶೀತ ದೇಶಗಳಲ್ಲಿ ಮನೆಯ ಛಾವಣಿಯ ಕೆಳಗೂ ಮಹಡಿಯ ನೆಲದ ಅಡಿಗೂ ಇದನ್ನೇ ಸುರುಳಿ ಸುರುಳಿಯಾಗಿ ಹಾಸುತ್ತಾರೆ. ಇದು 82 ಡಿಗ್ರಿಯಲ್ಲಿ ಸುಮಾರು 7 ಕೆ.ಜಿ. ಒತ್ತಡವನ್ನು ತಡೆಯುತ್ತದೆ, ಉಗಿಗೆ ಮಾತ್ರ ಇದನ್ನು ಎಂದಿಗೂ ಜೋಡಿಸಬಾರದು. ಉಕ್ಕಿಗಿಂತ ಇದು ಹತ್ತು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ: 10 ಮೀಟರ್ ಕೊಳವೆ 30 ಡಿಗ್ರಿ ಬಿಸಿಯಾದರೆ 45ರಿಂದ 60 ಮಿ.ಮೀ. ಉದ್ದವಾಗುತ್ತದೆ. ಆದ್ದರಿಂದ ತಿರುವುಗಳಲ್ಲಿ ಸಡಿಲು ಬಿಡಬೇಕು, ಕ್ಲಿಪ್ಪುಗಳು ಕೊಳವೆಯನ್ನು ಹಿಸುಕದೆ ಹಿಡಿಯಬೇಕು. ಆಧಾರ 80 ಸೆಂ.ಮೀ.ಗೊಂದರಂತೆ ಬೇಕು, ಇಲ್ಲವಾದರೆ ಬಿಸಿಯಾದಾಗ ಜೋತುಬೀಳುತ್ತದೆ.

ತಲೆಯ ಮೇಲೆ ಕೈಯೆತ್ತಿ ಸುರುಳಿ ಬಿಚ್ಚುವುದು ತೋಳು ಸೋಲುವ ಕೆಲಸ. ಸುರುಳಿಯನ್ನು ತಿರುಗುವ ಚೌಕಟ್ಟಿನ ಮೇಲೆ ನೆಲದಲ್ಲಿಟ್ಟು, ಒಬ್ಬನು ಬಿಚ್ಚುತ್ತ ಕೊಡಬೇಕು, ಇನ್ನೊಬ್ಬನು ಮೇಲೆ ಎಳೆದುಕೊಳ್ಳಬೇಕು. ಮೊದಲು ಅಲ್ಯೂಮಿನಿಯಂ ಗಾಡಿಯಿರುವ ತಟ್ಟೆಗಳನ್ನು ಛಾವಣಿಗೆ ಬಿಗಿದು, ಆಮೇಲೆ ಕೊಳವೆಯನ್ನು ಗಾಡಿಯೊಳಗೆ ಒತ್ತಿದರೆ ಕೆಲಸ ಅರ್ಧ ಹಗುರ. ಆ ತಟ್ಟೆಯೇ ಶಾಖವನ್ನು ಹರಡುವ ಮೈ. ಅದರ ಕೆಳಮೈಗೆ ಹೊಳಪಿಲ್ಲದ ಬಣ್ಣ, ಮೇಲ್ಬದಿಗೆ ನಿರೋಧಕ ಹಾಸು. ಕತ್ತರಿಸಲು ಗರಗಸ ಬೇಡ, ಟ್ಯೂಬ್ ಕಟರ್ ಬೇಕು. ಗರಗಸದ ಚೂರು ಒಳಗೆ ಉಳಿದು ಪಂಪನ್ನು ಕೆಡಿಸುತ್ತದೆ. ಜೋಡಣೆಗಳನ್ನು ತಟ್ಟೆಯ ಮರೆಯಲ್ಲಿಡದೆ ಕೈಗೆ ಸಿಗುವ ಕಡೆ ಇಡಬೇಕು. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದ ಪೆಕ್ಸ್ ಸುರುಳಿ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಬಿಸಿಲು ಅದನ್ನು ಹಾಳುಮಾಡುತ್ತದೆ.

ಹೊದಿಕೆ: ಮುಚ್ಚುವ ಮುನ್ನ ಅಳೆಯಿರಿ

ಈಗ ಸಾಗಿಸುವ ಕೊಳವೆಗೆ ಮರಳೋಣ. 170 ಡಿಗ್ರಿಯ ಬರಿಯ 50 ಮಿ.ಮೀ. ಕೊಳವೆ ಮೀಟರಿಗೆ ಸುಮಾರು 500 ವ್ಯಾಟ್ ಶಾಖವನ್ನು ಕಳೆಯುತ್ತದೆ. ಹತ್ತು ಮೀಟರಿಗೆ 5 ಕಿಲೋವ್ಯಾಟ್. 150 ದಿನಗಳ ಕಬ್ಬು ನುರಿಸುವ ಹಂಗಾಮಿನಲ್ಲಿ, ಹಗಲಿರುಳು 3,600 ತಾಸುಗಳಿಗೆ, 18,000 ಯೂನಿಟ್. ಅರ್ಧದಷ್ಟು ತೇವವಿರುವ ಕಬ್ಬಿನ ಸಿಪ್ಪೆಯ ಶಾಖಮೌಲ್ಯ ಕೆ.ಜಿ.ಗೆ ಸುಮಾರು 2,270 ಕಿಲೋ ಕ್ಯಾಲರಿ. ಬಾಯ್ಲರಿನ ದಕ್ಷತೆ ಶೇಕಡಾ 70 ಎಂದು ಹಿಡಿದರೆ, ಕೇವಲ ಹತ್ತು ಮೀಟರ್ ಬರಿ ಕೊಳವೆಯಿಂದ ಒಂದು ಹಂಗಾಮಿಗೆ ಹತ್ತಿರ ಹತ್ತಿರ 10 ಟನ್ ಸಿಪ್ಪೆ ಗಾಳಿಗೆ ಹೋಗುತ್ತದೆ. ಸರಿಯಾದ ರಾಕ್‌ವೂಲ್ ಹೊದಿಕೆ ಇದರಲ್ಲಿ ಸುಮಾರು ಒಂಬತ್ತು ಟನ್ನನ್ನು ಉಳಿಸುತ್ತದೆ. ಹೊದಿಸದೆ ಬಿಟ್ಟ ಒಂದು ವಾಲ್ವ್ ಹೆಚ್ಚುಕಡಿಮೆ ಒಂದು ಮೀಟರ್ ಬರಿ ಕೊಳವೆಗೆ ಸಮ ಎಂಬುದನ್ನೂ ನೆನಪಿಡಬೇಕು.

ಹೊದಿಕೆಯ ಕೆಲಸದ ಕಷ್ಟವೆಂದರೆ, ಅಲ್ಯೂಮಿನಿಯಂ ತಗಡು ಮುಚ್ಚಿದ ಮೇಲೆ ಒಳಗಿರುವುದು 50 ಮಿ.ಮೀ. ಹಾಸೋ 25 ಮಿ.ಮೀ. ಹಾಸೋ ಎಂದು ಯಾರಿಗೂ ಕಾಣಿಸುವುದಿಲ್ಲ. ಬಿಲ್ಲಿನಲ್ಲಿ ಮಾತ್ರ 50 ಎಂದೇ ಇರುತ್ತದೆ! ಆದ್ದರಿಂದ ತಗಡು ಮುಚ್ಚುವ ಮುನ್ನ ಅಳತೆಯ ಪುಸ್ತಕದಲ್ಲಿ ದಪ್ಪ, ಉದ್ದ, ದಿನಾಂಕ ಬರೆದು ಎರಡೂ ಪಕ್ಷದವರು ಸಹಿ ಮಾಡಬೇಕು. ಮೊಬೈಲಿನಲ್ಲಿ ಅಳತೆಪಟ್ಟಿ ಹಿಡಿದ ಚಿತ್ರ ತೆಗೆದಿಡಬೇಕು. ಸಹಿಯಿಲ್ಲದ ಹೊದಿಕೆಗೆ ಹಣವಿಲ್ಲ ಎಂಬುದು ಕರಾರಿನಲ್ಲಿ ಮೊದಲೇ ಇರಲಿ.

ಪುಸ್ತಕದಲ್ಲಿ ಬರೆಯುವ ಬಗೆ

ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮಿನಡಿ ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ತೆರಿಗೆಯ ಜಮೆ ದೊರೆಯುವುದಿಲ್ಲ. ‘ಸ್ಥಾವರ ಮತ್ತು ಯಂತ್ರೋಪಕರಣ’ಕ್ಕೆ ದೊರೆಯುತ್ತದೆ. ಆ ಕಲಮಿನ ವಿವರಣೆಯ ಪ್ರಕಾರ ಯಂತ್ರೋಪಕರಣಕ್ಕೆ ಬೇಕಾದ ಅಡಿಪಾಯ ಹಾಗೂ ಆಧಾರದ ಚೌಕಟ್ಟು ಸಹ ಅದರಲ್ಲಿ ಸೇರುತ್ತದೆ. ಅಂದರೆ ಕೊಳವೆಯ ಜೊತೆಗೆ ಅದನ್ನು ಹೊತ್ತ ಕಂಬ, ಬ್ರಾಕೆಟ್, ತೂಗುಸರಳುಗಳಿಗೂ ಜಮೆ ಉಂಟು. ಆದರೆ ಕಟ್ಟಡ ಸೇರುವುದಿಲ್ಲ. ಕಾರ್ಖಾನೆಯ ಆವರಣದ ಹೊರಗೆ ಹಾಸಿದ ಪೈಪ್‌ಲೈನನ್ನೂ ಆ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. 2024ರ ಅಕ್ಟೋಬರಿನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ‘ಸ್ಥಾವರ ಅಥವಾ ಯಂತ್ರೋಪಕರಣ’ ಎಂಬ ಪದಪ್ರಯೋಗದ ಆಧಾರದ ಮೇಲೆ ಕೆಲವರಲ್ಲಿ ಆಸೆ ಮೂಡಿಸಿತ್ತು. 2025ರ ಹಣಕಾಸು ಕಾಯಿದೆ ಆ ‘ಅಥವಾ’ವನ್ನು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ‘ಮತ್ತು’ ಎಂದು ತಿದ್ದಿದೆ.

ಇದರ ವ್ಯಾವಹಾರಿಕ ಪರಿಣಾಮ ಇಷ್ಟು: ಶೆಡ್ಡಿನ ಕಟ್ಟಡವನ್ನೂ ಕೊಳವೆಯ ಕೆಲಸವನ್ನೂ ಒಬ್ಬನೇ ಗುತ್ತಿಗೆದಾರ ಒಂದೇ ಬಿಲ್ಲಿನಲ್ಲಿ ಬರೆದುಕೊಟ್ಟರೆ ಜಮೆ ಪಡೆಯುವುದು ವಿವಾದವಾಗುತ್ತದೆ. ಕೊಳವೆಯ ಕೆಲಸ 5 ಲಕ್ಷ ರೂಪಾಯಿಯದಾಗಿದ್ದು ತೆರಿಗೆ ಶೇಕಡಾ 18 ಆಗಿದ್ದರೆ, 90,000 ರೂಪಾಯಿ ಒಂದು ಬಿಲ್ಲಿನ ಒಕ್ಕಣೆಯ ಮೇಲೆ ನಿಂತಿದೆ. ಕರಾರು ಬೇರೆ, ಬಿಲ್ಲು ಬೇರೆ, ಆವರಣದ ಒಳಗಿನ ಮತ್ತು ಹೊರಗಿನ ಉದ್ದ ಬೇರೆ ಬೇರೆ ಇರಬೇಕು. ಜಮೆ ಪಡೆದ ತೆರಿಗೆಯನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ ಸವಕಳಿಯನ್ನೂ ಪಡೆಯುವಂತಿಲ್ಲ.

ಆದಾಯ ತೆರಿಗೆಯ ದೃಷ್ಟಿಯಿಂದ, ಹಳೆಯ ಕೊಳವೆಯ ಹಾಳಾದ ತುಂಡನ್ನು ಬದಲಿಸಿದ್ದು ಚಾಲ್ತಿ ದುರಸ್ತಿ, ಆ ವರ್ಷದ ಖರ್ಚು. ಹೊಸ ಮಾರ್ಗ ಹಾಕಿದ್ದು ಬಂಡವಾಳ. ಬಂಡವಾಳವಾದರೆ ಸಾಗಾಣಿಕೆ, ಜೋಡಣೆಯ ಕೂಲಿ, ಸಾರುವೆಯ ಬಾಡಿಗೆ, ಪರೀಕ್ಷೆಯ ವೆಚ್ಚ ಎಲ್ಲವೂ ಆಸ್ತಿಯ ಮೌಲ್ಯಕ್ಕೆ ಸೇರುತ್ತವೆ. ಆದರೆ ಮುಂದಿನ ಕೆಲಸಕ್ಕೂ ಬಳಸಬಹುದಾದ ಡೈ ಸೆಟ್, ಚೈನ್ ಪುಲ್ಲಿಗಳನ್ನು ಕೊಳವೆಯ ಖಾತೆಗೆ ಹಾಕಬಾರದು. ಅವು ಪ್ರತ್ಯೇಕ ಉಪಕರಣಗಳು.

ಕೊನೆಯದಾಗಿ, ನಮ್ಮ ಸಕ್ಕರೆ ಸೀಮೆಗೇ ವಿಶೇಷವಾದ ಒಂದು ತೊಡಕು. ಸಾಮಾನ್ಯ ಯಂತ್ರೋಪಕರಣಕ್ಕೆ ಸವಕಳಿ ಶೇಕಡಾ 15. ಖರೀದಿಸಿದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬದಲಾದರೂ ಈ ನಿಯಮ ಉಳಿದಿದೆ. ಬೇಸಿಗೆಯಲ್ಲಿ ಕೊಳವೆ ಹಾಕಿಸಿ, ನವೆಂಬರಿನಲ್ಲಿ ಹಂಗಾಮು ಆರಂಭವಾದಾಗ ಮೊದಲ ಬಾರಿ ಉಗಿ ಬಿಟ್ಟರೆ ಮಾರ್ಚ್ 31ಕ್ಕೆ 180 ದಿನ ತುಂಬುವುದಿಲ್ಲ. ಅಕ್ಟೋಬರ್ ಮೊದಲ ವಾರಕ್ಕೆ ಮುನ್ನವೇ ಬಾಯ್ಲರ್ ಹೊತ್ತಿಸಿ ಹೊಸ ಮಾರ್ಗದಲ್ಲಿ ಉಗಿ ಹರಿಸಿದ್ದರೆ, ಆ ದಿನದ ಬಾಯ್ಲರ್ ಲಾಗ್ ಪುಸ್ತಕದಲ್ಲಿ ಮಾರ್ಗದ ಹೆಸರು, ಒತ್ತಡ, ತಾಸು ಬರೆದು ಇಂಜಿನಿಯರರ ಸಹಿ ಪಡೆದು, ಅದರ ನಕಲನ್ನು ಖರೀದಿ ಬಿಲ್ಲಿನ ಜೊತೆ ಫೈಲಿನಲ್ಲಿಡಿರಿ. ಪ್ರಾಯೋಗಿಕ ಚಾಲನೆಯನ್ನು ಬಳಕೆ ಎಂದು ಒಪ್ಪಿಸಬೇಕಾದ ಸಂದರ್ಭ ಬಂದರೆ ಅಧಿಕಾರಿಗಳ ಮುಂದಿಡಲು ಆ ಒಂದು ಪುಟವೇ ಆಧಾರ.